ಆರೈಕೆ ಮಾಡುವವರಿಗೆ ಕಲಿಸಬೇಕಾದ್ದೇನು?

ಬೌದ್ಧಿಕ ಅಂಗವೈಕಲ್ಯ ಇರುವವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬ್ರಿಟನ್ನಿನಲ್ಲಿ ಮೊದಲು ಸಿಕ್ಕಿದ್ದು ಹುಚ್ಚಾಸ್ಪತ್ರೆಯ ಪಾಠ. 1885ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಪರಿಚಾರಕರಿಗಾಗಿ ಕೈಪಿಡಿಯೊಂದನ್ನು ಹೊರತಂದಿತು. ಪರೀಕ್ಷೆ, ಸರ್ಟಿಫಿಕೇಟು ಹಿಂದೆಯೇ ಬಂದವು. ಉಣಿಸು, ತೊಳೆ, ಕಾವಲಿರು ಎಂಬ ಈ ಆಸ್ಪತ್ರೆ ರೂಢಿ ಮುಂದೆ ದಶಕಗಳ ಕಾಲ ಅಲುಗಲಿಲ್ಲ.

ಅಲುಗಿಸಿದವರಲ್ಲಿ ಮನಶ್ಶಾಸ್ತ್ರಜ್ಞ ಜಾಕ್ ಟಿಝಾರ್ಡ್ ಮುಖ್ಯರು. 1958ರಲ್ಲಿ ಅವರು ಲಂಡನ್ನಿನ ಫೌಂಟನ್ ಆಸ್ಪತ್ರೆಯ 16 ಮಕ್ಕಳನ್ನು ಬ್ರೂಕ್‌ಲ್ಯಾಂಡ್ಸ್ ಎಂಬ ಮನೆಗೆ ಕರೆತಂದು ಶಿಶುವಿಹಾರದ ರೀತಿಯಲ್ಲಿ ನೋಡಿಕೊಂಡರು. ಆಸ್ಪತ್ರೆಯಲ್ಲೇ ಉಳಿದವರಿಗಿಂತ ಈ ಮಕ್ಕಳಿಗೆ ಬೇಗ ಮಾತು ಬಂತು. 1971ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನ ಇನ್ನೂ ಚುರುಕಾದದ್ದು: ಮಕ್ಕಳ ವಸತಿಗಳ ಮುಖ್ಯಸ್ಥರಲ್ಲಿ ನರ್ಸಿಂಗ್ ಕಲಿತು ಬಂದವರಿಗಿಂತ ಮಕ್ಕಳ ಪಾಲನೆ ಕಲಿತು ಬಂದವರು ಮಕ್ಕಳೊಡನೆ ಹೆಚ್ಚು ಬೆರೆಯುತ್ತಿದ್ದರು, ಹೆಚ್ಚು ಮಾತಾಡುತ್ತಿದ್ದರು. ಅಂದರೆ ಓದು ಹೆಚ್ಚಿದಷ್ಟೂ ಆರೈಕೆ ಸುಧಾರಿಸುತ್ತದೆ ಎನ್ನುವಂತಿಲ್ಲ. ಏನು ಓದಿದ್ದಾರೆ ಎಂಬುದನ್ನು ನೋಡಬೇಕು. 1979ರಲ್ಲಿ ಪೆಗ್ಗಿ ಜೇ ಸಮಿತಿ ಈ ತರಬೇತಿಯನ್ನು ನರ್ಸಿಂಗ್‌ನಿಂದ ಬಿಡಿಸಿ ಸಮಾಜಸೇವೆಯ ಕಡೆಗೆ ಒಯ್ಯಲು ಹೇಳಿತು. ಸರ್ಕಾರ ಒಪ್ಪಲಿಲ್ಲ.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಸಮಿತಿಗಳಿಂದ ಬಂದದ್ದಲ್ಲ, ಅಡುಗೆಮನೆಯಿಂದ ಬಂದದ್ದು. 1980ರ ದಶಕದಲ್ಲಿ ತೀವ್ರ ವೈಕಲ್ಯ ಇರುವವರನ್ನು ಸಾಮಾನ್ಯ ಬೀದಿಯ ಸಾಮಾನ್ಯ ಮನೆಗಳಲ್ಲಿ ಇರಿಸಿ ನೋಡಿದ ಜಿಮ್ ಮ್ಯಾನ್ಸೆಲ್ ಮೊದಲಾದವರು ‘ಆ್ಯಕ್ಟಿವ್ ಸಪೋರ್ಟ್’ ಎಂಬ ಪದ್ಧತಿ ರೂಪಿಸಿದರು. ಚಹಾ ಮಾಡುವುದನ್ನೇ ತೆಗೆದುಕೊಳ್ಳಿ. ಸಿಬ್ಬಂದಿ ತಾನೇ ಮಾಡಿ ಕಪ್ಪು ಕೈಗಿಟ್ಟರೆ ಎರಡು ನಿಮಿಷದ ಕೆಲಸ. ಇಲ್ಲಿ ಹಾಗಲ್ಲ. ಮೊದಲು ಬಾಯಲ್ಲಿ ಹೇಳಬೇಕು, ಆಗದಿದ್ದರೆ ಬೆರಳು ತೋರಬೇಕು, ಆಗಲೂ ಆಗದಿದ್ದರೆ ಮಾಡಿ ತೋರಿಸಬೇಕು, ಕೊನೆಗೆ ಕೈ ಹಿಡಿದು ಮಾಡಿಸಬೇಕು. ಕೆಟಲ್ಲಿನ ಗುಂಡಿ ಒತ್ತುವುದಷ್ಟೇ ಆ ವ್ಯಕ್ತಿಯ ಪಾಲಿಗೆ ಬಂದರೂ ಸರಿಯೇ. ಸಿಬ್ಬಂದಿಗೆ ಇದನ್ನು ಕಲಿಸುವುದೂ ಹಾಗೆಯೇ: ತರಬೇತುದಾರ ಆ ಮನೆಗೇ ಬಂದು, ಪಕ್ಕದಲ್ಲಿ ನಿಂತು, ಕೆಲಸ ನಡೆಯುತ್ತಿರುವಾಗಲೇ ತಿದ್ದುತ್ತಾನೆ. ಈ ಭಾಗವನ್ನು ಬಿಟ್ಟು ಬರೀ ಕಾರ್ಯಾಗಾರ ನಡೆಸಿದಲ್ಲಿ ಹೆಚ್ಚೇನೂ ಬದಲಾಗಲಿಲ್ಲವೆಂದು ವೇಲ್ಸ್‌ನ ಸಂಶೋಧಕರು ಕಂಡರು.

ಆದರೂ ಸಂಸ್ಥೆಗಳಿಗೆ ಪ್ರಿಯವಾದದ್ದು ಕಾರ್ಯಾಗಾರವೇ; ಹಾಜರಿಪುಸ್ತಕ ತೋರಿಸಲು ಸುಲಭ. 2011ರಲ್ಲಿ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಸಿಬ್ಬಂದಿ ರೋಗಿಗಳನ್ನು ಹೊಡೆದು ಹಿಂಸಿಸುತ್ತಿದ್ದುದನ್ನು ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ಹಿಡಿದು ತೋರಿಸಿತು. 11 ಮಂದಿಗೆ ಶಿಕ್ಷೆಯಾಯಿತು. ಅವರಿಗೆ ತರಬೇತಿಯೇ ಇರಲಿಲ್ಲವೆಂದಲ್ಲ. ರೋಗಿಗಳನ್ನು ಹಿಡಿದು ಅದುಮುವುದಕ್ಕೇ ಆ ತರಬೇತಿ ಒತ್ತು ಕೊಟ್ಟಿತ್ತು.

2016ರಲ್ಲಿ ಬೌದ್ಧಿಕ ಅಂಗವೈಕಲ್ಯವಿದ್ದ ಆಲಿವರ್ ಮೆಕ್‌ಗೋವನ್ ಎಂಬ 18ರ ಹುಡುಗ ಬ್ರಿಸ್ಟಲ್‌ನಲ್ಲಿ ತೀರಿಕೊಂಡ. ಬೇಡವೆಂದು ಅವನೂ ಹೆತ್ತವರೂ ಹೇಳಿದ್ದ ಔಷಧಿಯನ್ನೇ ಆಸ್ಪತ್ರೆಯವರು ಕೊಟ್ಟಿದ್ದರು. ತಾಯಿಯ ಹೋರಾಟದ ಫಲವಾಗಿ 2022ರ ಕಾಯ್ದೆ ಇಂಗ್ಲೆಂಡಿನ ಆರೋಗ್ಯ, ಆರೈಕೆ ಸಿಬ್ಬಂದಿಗೆ ಇಂಥ ವೈಕಲ್ಯದ ಬಗೆಗಿನ ತರಬೇತಿಯನ್ನು ಕಡ್ಡಾಯ ಮಾಡಿತು. ಆಲಿವರ್ ಹೆಸರಿನ ಈ ತರಬೇತಿಯಲ್ಲಿ ವೈಕಲ್ಯ ಇರುವವರೇ ಪಾಠ ಮಾಡುವವರೊಂದಿಗೆ ನಿಲ್ಲುತ್ತಾರೆ. ನೇರ ಆರೈಕೆ ಮಾಡುವವರಿಗೆ ಆನ್‌ಲೈನ್ ಪಾಠದ ಜೊತೆ ಒಂದು ದಿನದ ತರಗತಿಯಿದೆ. ಮರುದಿನ ಅಡುಗೆಮನೆಯಲ್ಲಿ ಪಕ್ಕದಲ್ಲಿ ನಿಂತು ತಿದ್ದುವವರ ಸಂಬಳ ಯಾರು ಕೊಡಬೇಕೆಂಬುದು ಆಯಾ ಸಂಸ್ಥೆಗೆ ಬಿಟ್ಟದ್ದು.