ಬಳಸಿದ ಸ್ಕಿಡ್ ಸ್ಟಿಯರ್ ಲೋಡರ್ ಖರೀದಿ, ಬಕೆಟ್ ಆಯ್ಕೆ ಹಾಗೂ ನೋಂದಣಿ ವರ್ಗಾವಣೆ: ಅರ್ಜಿದಾರರಿಗೆ ಮಾಹಿತಿ

ಕೋಳಿ ಸಾಕಣೆ, ಇಟ್ಟಿಗೆ ತಯಾರಿಕೆ, ಕಟ್ಟಡ ಕಾಮಗಾರಿ ಮುಂತಾದವುಗಳಿಗೆ ಬಳಸಿದ ಸ್ಕಿಡ್ ಸ್ಟಿಯರ್ ಲೋಡರ್ ಖರೀದಿಸಲಿಚ್ಛಿಸುವ ಸಾರ್ವಜನಿಕರು ಮುಂಗಡ ಹಣ ಪಾವತಿಸುವ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸುವುದು.

ವಾಹನದ ವರ್ಗ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ಪ್ರಕಾರ ರಬ್ಬರ್ ಟೈರಿನ ಲೋಡರ್ 'ನಿರ್ಮಾಣ ಸಲಕರಣೆ ವಾಹನ'ದ ವ್ಯಾಖ್ಯೆಯಲ್ಲಿ ಸೇರಿದ್ದು, ಸಾರಿಗೇತರ ವಾಹನವಾಗಿರುತ್ತದೆ. ನೋಂದಣಿಯಾಗದ ಯಂತ್ರವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವಂತಿಲ್ಲ.

ಯಂತ್ರದ ಪರಿಶೀಲನೆ

1. ಚಾಸಿಸ್ ಹಾಗೂ ಎಂಜಿನ್ ಸಂಖ್ಯೆಗಳು ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆಯಾಗಬೇಕು.
2. ಎಂಜಿನ್ ಪೂರ್ಣ ತಣ್ಣಗಿರುವಾಗ ಚಾಲೂ ಮಾಡಿಸಿ ನೋಡುವುದು.
3. ಗಂಟೆ ಮಾಪಕ ಕಡಿಮೆ ತೋರಿಸುತ್ತಿದ್ದು, ಪೆಡಲ್, ಆಸನ, ಪಿನ್ ಮತ್ತು ಬುಷ್‌ಗಳು ಬಹಳ ಸವೆದಿದ್ದಲ್ಲಿ ಮಾಪಕವನ್ನು ನಂಬತಕ್ಕದ್ದಲ್ಲ.
4. ಭಾರ ತುಂಬಿದ ಬಕೆಟ್ಟನ್ನು ತುಸು ಎತ್ತಿ ನಿಲ್ಲಿಸಿದಾಗ ಅದು ತಾನಾಗಿ ಇಳಿಯುತ್ತಿದ್ದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಅಥವಾ ವಾಲ್ವ್‌ನಲ್ಲಿ ಸೋರಿಕೆಯಿರುವ ಸಂಭವವಿದೆ. ಎತ್ತಿದ ತೋಳಿನ ಕೆಳಗೆ ಯಾರೂ ನಿಲ್ಲಕೂಡದು.
5. ಈ ಯಂತ್ರ ಗಾಲಿಗಳನ್ನು ಜಾರಿಸಿಕೊಂಡೇ ತಿರುಗುವುದರಿಂದ ಟೈರುಗಳು ಬೇಗ ಸವೆಯುತ್ತವೆ. ಹೊಸ ಟೈರುಗಳ ವೆಚ್ಚವನ್ನು ಬೆಲೆಯಲ್ಲಿ ಲೆಕ್ಕ ಹಾಕಿಕೊಳ್ಳುವುದು.

ಬಕೆಟ್ ಆಯ್ಕೆ

ಗಾಲಿಯುಳ್ಳ ಸ್ಕಿಡ್ ಸ್ಟಿಯರ್ ಲೋಡರ್‌ನ ನಿಗದಿತ ಕಾರ್ಯಭಾರವು ಸಾಮಾನ್ಯವಾಗಿ ಯಂತ್ರ ಮುಂದಕ್ಕೆ ಮಗುಚುವ ಭಾರದ ಅರ್ಧದಷ್ಟಿರುತ್ತದೆ. ಬಕೆಟ್ಟಿನ ಗಾತ್ರವನ್ನು ಈ ಮಿತಿಗೆ ಅನುಗುಣವಾಗಿ ನಿರ್ಧರಿಸಬೇಕು.

ಉದಾಹರಣೆ: ಕಾರ್ಯಭಾರ 700 ಕಿ.ಗ್ರಾಂ. ಇರುವ ಯಂತ್ರಕ್ಕೆ 0.4 ಘನ ಮೀಟರ್ ಬಕೆಟ್ ಅಳವಡಿಸಿದಲ್ಲಿ,

- ಒಣ ಮರಳು (ಘನ ಮೀಟರಿಗೆ ಸುಮಾರು 1,600 ಕಿ.ಗ್ರಾಂ.): 640 ಕಿ.ಗ್ರಾಂ. - ಮಿತಿಯೊಳಗೆ
- ಹಸಿ ಮರಳು (ಸುಮಾರು 1,900 ಕಿ.ಗ್ರಾಂ.): 760 ಕಿ.ಗ್ರಾಂ. - ಮಿತಿ ಮೀರಿದೆ
- ಒಣ ಗೊಬ್ಬರ (ಸುಮಾರು 600 ಕಿ.ಗ್ರಾಂ.): 240 ಕಿ.ಗ್ರಾಂ. - ಇನ್ನೂ ದೊಡ್ಡ ಬಕೆಟ್ ಸಾಧ್ಯ

ಗಟ್ಟಿ ಮಣ್ಣು ಅಗೆಯಲು ಹಲ್ಲುಳ್ಳ ಬಕೆಟ್, ನೆಲ ಸಮತಟ್ಟು ಮಾಡಲು ನೇರ ಅಂಚಿನ ಬಕೆಟ್, ಗೊಬ್ಬರ, ಹೊಟ್ಟು ಮುಂತಾದ ಹಗುರ ಸಾಮಗ್ರಿಗೆ ಆಳವಾದ ಬಕೆಟ್ ಸೂಕ್ತ. ಬಕೆಟ್ಟಿನ ಅಗಲವು ಎರಡೂ ಬದಿಯ ಟೈರುಗಳ ಹೊರ ಅಂಚಿಗಿಂತ ಕಡಿಮೆ ಇರಬಾರದು. ಮೂಲ ಬಕೆಟ್ಟಿಗಿಂತ ಭಾರವಾದುದನ್ನು ಜೋಡಿಸಿದಲ್ಲಿ ಎತ್ತಬಹುದಾದ ಸರಕು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ನೋಂದಣಿ ವರ್ಗಾವಣೆ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 50ರಂತೆ:

1. ರಾಜ್ಯದೊಳಗಿನ ಮಾರಾಟವಾದಲ್ಲಿ ಮಾರಾಟಗಾರರು 14 ದಿನಗಳೊಳಗೆ ವರ್ಗಾವಣೆಯನ್ನು ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು (ನಮೂನೆ 29).
2. ಖರೀದಿದಾರರು 30 ದಿನಗಳೊಳಗೆ ವರದಿ ಸಲ್ಲಿಸತಕ್ಕದ್ದು (ನಮೂನೆ 30).
3. ಪ್ರಮಾಣಪತ್ರದಲ್ಲಿ ಸಾಲದ ನಮೂದು ಇದ್ದಲ್ಲಿ, ಸಾಲ ತೀರಿದ ಬಗ್ಗೆ ಸಾಲ ನೀಡಿದ ಸಂಸ್ಥೆಯ ಸಹಿಯುಳ್ಳ ನಮೂನೆ 35ನ್ನು ಪಡೆಯುವುದು.
4. ಹೊರರಾಜ್ಯದ ವಾಹನವಾದಲ್ಲಿ ಅಲ್ಲಿನ ನಿರಾಕ್ಷೇಪಣಾ ಪತ್ರ (ನಮೂನೆ 28) ಅವಶ್ಯಕ.
5. ವಿಮಾ ಪತ್ರದಲ್ಲಿ ಹೆಸರು ಬದಲಾಯಿಸಲು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು (ಪ್ರಕರಣ 157).

ವಿಶೇಷ ಸೂಚನೆ

ಹಣ ಪಡೆದು ಯಂತ್ರವನ್ನು ಒಪ್ಪಿಸಿದ ಮಾತ್ರಕ್ಕೆ ಮಾರಾಟಗಾರರ ಹೊಣೆ ಮುಗಿಯುವುದಿಲ್ಲ. ಅಪಘಾತದ ದಿನ ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರದ ಹೊಣೆಗೆ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ (2018) ತೀರ್ಪಿತ್ತಿದೆ. ಯಂತ್ರವು ಹಲವರ ಕೈ ಬದಲಾಗಿದ್ದರೂ ಇದು ಅನ್ವಯಿಸುತ್ತದೆ. ಆದ್ದರಿಂದ ಖಾಲಿ ನಮೂನೆಗಳಿಗೆ ಸಹಿ ಮಾಡಿ ಮಧ್ಯವರ್ತಿಗಳಿಗೆ ನೀಡಕೂಡದು. ಹೆಸರು ಬದಲಾವಣೆಯಾದ ಪ್ರಮಾಣಪತ್ರದ ಪ್ರತಿಯನ್ನು ಮಾರಾಟಗಾರರೂ ಪಡೆದು ಇಟ್ಟುಕೊಳ್ಳುವುದು.