ಚಿತ್ರ ಮುಗಿದ ಮೇಲಿನ ಮಾತು

ಬನಶಂಕರಿ ಎರಡನೇ ಹಂತದ ಅಂಚೆ ಕಚೇರಿಯ ಹತ್ತಿರ ಬಿ.ವಿ. ಕಾರಂತರ ಹೆಸರಿನ ರಸ್ತೆಯೊಂದಿದೆ. ಸುಚಿತ್ರ ಫಿಲಂ ಸೊಸೈಟಿಯ ಕಟ್ಟಡ ಇರುವುದು ಆ ರಸ್ತೆಯಲ್ಲೇ. ದಕ್ಷಿಣ ಬೆಂಗಳೂರಿನವರು ಜಗತ್ತಿನ ಸಿನಿಮಾ ನೋಡಿದ ಚರಿತ್ರೆಯನ್ನು ಬರೆಯಹೊರಟ ಯಾರಾದರೂ ಅಲ್ಲಿಂದಲೇ ಶುರುಮಾಡಬೇಕು. ಆದರೆ ಬರೆಯಲು ಕೂತಾಗ ಒಂದು ತೊಡಕು ಎದುರಾಗುತ್ತದೆ. ಚಿತ್ರ ಸಮಾಜಗಳು ಯಾವ ಚಿತ್ರವನ್ನು ಯಾವತ್ತು ತೋರಿಸಿದವು ಎಂಬುದು ಕರಪತ್ರ, ವರದಿ, ಸ್ಮರಣ ಸಂಚಿಕೆಗಳಲ್ಲಿ ಅಷ್ಟಿಷ್ಟು ಉಳಿಯುತ್ತದೆ. ಚಿತ್ರ ಮುಗಿದು ದೀಪ ಹತ್ತಿದ ಮೇಲೆ ಯಾರು ಏನು ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು, ಯಾರು ಬಾಯಿ ಬಿಡದೆ ಎದ್ದುಹೋದರು ಎಂಬುದು ಎಲ್ಲೂ ದಾಖಲಾಗುವುದಿಲ್ಲ. ನನ್ನ ಆಸಕ್ತಿ ಇರುವುದು ಈ ಎರಡನೆಯದರಲ್ಲಿ. ಒಂದು ಸಿನಿಮಾ ನಮ್ಮದಾಗುವುದು ಅದನ್ನು ನೋಡಿದ ಹೊತ್ತಿಗಿಂತ ಹೆಚ್ಚಾಗಿ, ಅದರ ಬಗ್ಗೆ ನಮ್ಮ ಮಾತಿನಲ್ಲಿ ಜಗಳವಾಡಿದ ಹೊತ್ತಿನಲ್ಲಿ ಎಂದು ನನಗೆ ಬಲವಾಗಿ ಅನ್ನಿಸಿದೆ.

ಮೊದಲು ಹಿನ್ನೆಲೆ. ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಅವರ ಗೆಳೆಯರು 1947ರಲ್ಲಿ ಕಲ್ಕತ್ತಾ ಫಿಲಂ ಸೊಸೈಟಿಯನ್ನು ಕಟ್ಟಿದರು. 1950ರಲ್ಲಿ ಕೆಲಸದ ಮೇಲೆ ಲಂಡನ್ನಿಗೆ ಹೋದ ರಾಯ್ ಅಲ್ಲಿ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948) ನೋಡಿದರು. ಐದು ವರ್ಷದ ಮೇಲೆ ‘ಪಥೇರ್ ಪಾಂಚಾಲಿ’ ಬಂತು. ಈ ನಡುವೆ, 1952ರಲ್ಲಿ, ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಬೊಂಬಾಯಿಯಲ್ಲಿ ಶುರುವಾಗಿ ಬೇರೆ ಮಹಾನಗರಗಳಿಗೂ ಹೋಯಿತು. ಇಟಲಿ, ಜಪಾನುಗಳ ಹೊಸ ಸಿನಿಮಾ ನಮ್ಮವರ ಕಣ್ಣಿಗೆ ದೊಡ್ಡ ಪ್ರಮಾಣದಲ್ಲಿ ಬಿದ್ದದ್ದು ಆಗ. 1959ರಲ್ಲಿ ಫೆಡರೇಷನ್ ಆಫ್ ಫಿಲಂ ಸೊಸೈಟೀಸ್ ಆಫ್ ಇಂಡಿಯಾ ಹುಟ್ಟಿತು, ರಾಯ್ ಅದರ ಅಧ್ಯಕ್ಷರಾದರು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾಯಿತು. ಅಲ್ಲಿನ ಪಿ.ಕೆ. ನಾಯರ್ ಅವರು ಜೀವಮಾನವಿಡೀ ಕೂಡಿಹಾಕಿದ ಪ್ರತಿಗಳು ದೇಶದ ಮೂಲೆಮೂಲೆಯ ಚಿತ್ರ ಸಮಾಜಗಳಿಗೆ ಎರವಲಾಗಿ ಹೋಗತೊಡಗಿದವು. ರಾಯಭಾರ ಕಚೇರಿಗಳು ತಮ್ಮ ತಮ್ಮ ದೇಶದ ಚಿತ್ರಗಳನ್ನು ಕೊಡುತ್ತಿದ್ದವು. ಹೀಗೆ ಪೋಲೆಂಡ್, ಹಂಗೆರಿ, ಜೆಕೊಸ್ಲೊವಾಕಿಯಾಗಳ ಚಿತ್ರಗಳು ಹಾಲಿವುಡ್ಡಿಗೆ ಮಾತ್ರ ಒಗ್ಗಿದ್ದ ಊರುಗಳಿಗೂ ತಲುಪಿದವು.

ಈ ಎಲ್ಲದರ ಬುಡದಲ್ಲಿ ಒಂದು ಕಾನೂನಿದೆ. 1952ರ ಸಿನಿಮಾಟೋಗ್ರಾಫ್ ಕಾಯಿದೆಯ 9ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಯಾವುದೇ ಪ್ರದರ್ಶನಕ್ಕೆ ಕಾಯಿದೆಯ ನಿಯಮಗಳಿಂದ ವಿನಾಯಿತಿ ಕೊಡಬಹುದು. ಚಿತ್ರ ಸಮಾಜಗಳಿಗೆ ಸೆನ್ಸಾರ್ ವಿನಾಯಿತಿ ಸಿಕ್ಕಿತು, ಜತೆಗೊಂದು ಷರತ್ತೂ ಬಂತು: ನೋಡುವವರು ಸದಸ್ಯರಾಗಿರಬೇಕು, ಬಾಗಿಲಲ್ಲಿ ಟಿಕೆಟ್ ಮಾರುವಂತಿಲ್ಲ. ಒಂದು ಕೈಯಲ್ಲಿ ಕತ್ತರಿಯಿಲ್ಲದ ಸಿನಿಮಾ ಕೊಟ್ಟ ಕಾನೂನು ಇನ್ನೊಂದು ಕೈಯಲ್ಲಿ ಬಾಗಿಲು ಮುಚ್ಚಿತು. ಕತ್ತರಿಯಿಲ್ಲ ಎನ್ನುವ ಕಾರಣಕ್ಕೇ ಸದಸ್ಯರಾದವರೂ ಕಡಿಮೆಯೇನಿರಲಿಲ್ಲ. ವಿದೇಶಿ ಚಿತ್ರದಲ್ಲಿ ‘ಅಂಥ’ ದೃಶ್ಯ ಬರಬಹುದೆಂದು ಬಂದು, ಅದು ಬರದಿದ್ದಾಗ ಅರ್ಧಕ್ಕೇ ಎದ್ದುಹೋಗುವವರ ವಿಷಯ ಚಳವಳಿಯ ಹಿರಿಯರೇ ಬೇಸರದಿಂದ ಬರೆದುಕೊಂಡಿದ್ದಾರೆ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಬಾಗಿಲ ಹೊರಗೆ ಉಳಿದವರದು. ಚಂದಾ ಕಟ್ಟಲು ಕೈಯಲ್ಲಿ ಕಾಸು, ಸಂಜೆ ಬಿಡುವು, ಇಂಗ್ಲಿಷ್ ಸಬ್‌ಟೈಟಲನ್ನು ಓಡುವ ವೇಗದಲ್ಲಿ ಓದುವ ಶಕ್ತಿ, ಈ ಮೂರೂ ಇದ್ದವರಿಗೆ ಕುರೊಸಾವಾ ಸಿಕ್ಕಿದ. ಮಿಕ್ಕವರಿಗೆ ಸಿಗಲಿಲ್ಲ.

ಸುಚಿತ್ರ ಹುಟ್ಟಿದ್ದು 1971ರಲ್ಲಿ. ಎಚ್.ಎನ್. ನರಹರಿ ರಾವ್ ಅದರ ಸ್ಥಾಪಕರಲ್ಲಿ ಮುಖ್ಯರು. ಆ ಇಸವಿಯ ಅಕ್ಕಪಕ್ಕ ನೋಡಿದರೆ ಅದು ಆಗಲೇ ಯಾಕೆ ಹುಟ್ಟಿತೆಂದು ಊಹಿಸುವುದು ಕಷ್ಟವಲ್ಲ. ಹಿಂದಿನ ವರ್ಷವಷ್ಟೇ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಬಂದಿತ್ತು. ಅನಂತಮೂರ್ತಿಯವರ ಕಾದಂಬರಿ, ಕಾರ್ನಾಡರ ಚಿತ್ರಕಥೆ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಛಾಯಾಗ್ರಹಣ. ಮೊದಲಿಗೆ ಸೆನ್ಸಾರ್ ಮಂಡಳಿ ತಡೆಹಿಡಿದ ಈ ಚಿತ್ರವೇ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಅದರ ಬೆನ್ನಿಗೆ ಕಾರ್ನಾಡ್ ಮತ್ತು ಕಾರಂತರು ಸೇರಿ ‘ವಂಶವೃಕ್ಷ’ ಮಾಡಿದರು. 1975ರಲ್ಲಿ ‘ಚೋಮನ ದುಡಿ’, 1977ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಮತ್ತೆ ಸ್ವರ್ಣಕಮಲ ಗೆದ್ದವು. ಇಂಥ ಚಿತ್ರಗಳನ್ನು ಮಾಡಲು ಮನಸ್ಸುಗಳು ಸಿದ್ಧವಾಗಿದ್ದವು, ಅವನ್ನು ನೋಡಲು ಕಣ್ಣುಗಳೂ ಸಿದ್ಧವಾಗಬೇಕಿತ್ತು. ಚಿತ್ರ ಸಮಾಜಗಳು ಆ ಕೆಲಸಕ್ಕೆ ಇಳಿದವು. ಸುಚಿತ್ರ ಮುಂದೆ ಬನಶಂಕರಿಯಲ್ಲಿ ಸ್ವಂತ ಕಟ್ಟಡ ಕಟ್ಟಿಕೊಂಡಿತು. ಬಾಡಿಗೆ ಸಭಾಂಗಣಗಳಲ್ಲಿ ಬಾಳಿ ಬಾಡಿಹೋದ ಎಷ್ಟೋ ಚಿತ್ರ ಸಮಾಜಗಳಿಗೆ ಸಿಗದ ಭಾಗ್ಯ ಅದು. 2006ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಶುರುವಾಗುವುದರ ಹಿಂದೆಯೂ ಅದರ ಶ್ರಮವಿತ್ತು.

ಆಗ ಸಿನಿಮಾ ನೋಡುತ್ತಿದ್ದ ಬಗೆಯನ್ನು ಸ್ವಲ್ಪ ಗಮನಿಸಬೇಕು. ಎರವಲು ಪ್ರತಿಗಳಲ್ಲಿ ಬಹಳಷ್ಟು 16 ಎಂ.ಎಂ.ನವು. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 36 ಅಡಿ ಫಿಲಂ ಓಡುತ್ತದೆ. 1600 ಅಡಿಯ ದೊಡ್ಡ ರೀಲು ಸುಮಾರು 44 ನಿಮಿಷಕ್ಕೆ ಮುಗಿಯುತ್ತದೆ. ಪ್ರೊಜೆಕ್ಟರ್ ಒಂದೇ ಇದ್ದರೆ ರೀಲು ಬದಲಿಸಲು ದೀಪ ಹಾಕಲೇಬೇಕು. ಎರಡು ಗಂಟೆಯ ಚಿತ್ರಕ್ಕೆ ಇಂಥ ಎರಡು ವಿರಾಮಗಳು. ಪಕ್ಕದಲ್ಲಿ ಕೂತವರ ಮುಖ ಕಾಣುತ್ತದೆ, ‘ಈಗ ಅವಳು ಹೇಳಿದ್ದು ನಿಜವೋ ಸುಳ್ಳೋ’ ಎಂದು ಕೇಳಬೇಕೆನಿಸುತ್ತದೆ. ಹೀಗೆ ಯಂತ್ರದ ಮಿತಿಯೇ ಮಾತಿಗೆ ಜಾಗ ಮಾಡಿಕೊಡುತ್ತಿತ್ತು. ಇನ್ನೊಂದು ವಿಷಯ: ಪ್ರತಿ ನಾಳೆ ಬೆಳಿಗ್ಗೆ ಬೇರೆ ಊರಿಗೆ ಹೊರಡುತ್ತದೆ. ಮತ್ತೆ ಯಾವಾಗ ನೋಡಲು ಸಿಕ್ಕೀತೋ ಗೊತ್ತಿಲ್ಲ. ಹಾಗಾಗಿ ನೋಡಿದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳಲೂ ಮಾತು ಬೇಕಿತ್ತು. ನೀನು ಮರೆತದ್ದನ್ನು ನಾನು ಹೇಳುತ್ತೇನೆ, ನಾನು ತಪ್ಪಾಗಿ ನೆನೆದದ್ದನ್ನು ನೀನು ತಿದ್ದುತ್ತೀಯೆ.

ಆ ಮಾತು ಯಾವ ಭಾಷೆಯಲ್ಲಿ ನಡೆಯಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಅತ್ಯಂತ ದಿಟ್ಟ ಉತ್ತರ ಬಂದದ್ದು ಬೆಂಗಳೂರಿನಿಂದಲ್ಲ, ಸಾಗರ ತಾಲ್ಲೂಕಿನ ಹೆಗ್ಗೋಡಿನಿಂದ. 1949ರಲ್ಲಿ ಹುಟ್ಟಿದ್ದ ನೀನಾಸಮ್ 1973ರಲ್ಲಿ ತನ್ನ ಚಿತ್ರಸಮಾಜವನ್ನು ಆರಂಭಿಸಿತು. ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಯುವ ಊರಿನ ಜನರ ಮುಂದೆ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೊಮೊನ್’ ಚಿತ್ರಗಳನ್ನು ಇಟ್ಟರು. ಹಳ್ಳಿಯವರಿಗೆ ಇವೆಲ್ಲ ಅರ್ಥವಾಗುತ್ತವೆಯೇ ಎಂದು ಪೇಟೆಯವರು ಹುಬ್ಬೇರಿಸಿದ್ದುಂಟು. ಸುಬ್ಬಣ್ಣ ಮಾಡಿದ್ದು ಸರಳ ಕೆಲಸ. ಚಿತ್ರದ ಪರಿಚಯವನ್ನೂ ಚರ್ಚೆಯನ್ನೂ ಕನ್ನಡಕ್ಕೆ ತಂದರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದುರ್ ಅಲ್ಲಿಗೇ ಬಂದು ಶಿಬಿರ ನಡೆಸಿದರು. ಇಂಗ್ಲಿಷಿನಲ್ಲಿ ‘ಫಿಲಂ ಅಪ್ರಿಸಿಯೇಷನ್’ ಎನ್ನುವುದು ಕನ್ನಡದಲ್ಲಿ ‘ರಸಗ್ರಹಣ’ವಾಯಿತು. ಆ ಪದವನ್ನೊಮ್ಮೆ ಬಾಯಲ್ಲಿಟ್ಟು ನೋಡಿ. ಅದು ಕಾವ್ಯಮೀಮಾಂಸೆಯಿಂದ ಬಂದದ್ದು. ಯಕ್ಷಗಾನ, ತಾಳಮದ್ದಳೆ ನೋಡಿದವರಿಗೆ ರಸವೆಂದರೇನೆಂದು ಹೊಸದಾಗಿ ಹೇಳಬೇಕಾಗಿಲ್ಲ. ಬೆಳಗಿನ ಜಾವದವರೆಗೆ ಕೂತು ಅರ್ಥಧಾರಿಗಳ ವಾದ ಕೇಳುವ ಊರಿಗೆ, ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ‘ರಾಶೊಮೊನ್’ ಪರಕೀಯವಾಗಲು ಕಾರಣವೇ ಇರಲಿಲ್ಲ. ಆ ಚಿತ್ರದಲ್ಲೂ ಮುರುಕು ಹೆಬ್ಬಾಗಿಲ ಕೆಳಗೆ ಮಳೆ ನಿಲ್ಲಲೆಂದು ಕಾಯುತ್ತ ಮೂವರು ಮಾಡುವುದು ಚರ್ಚೆಯನ್ನೇ.

ಹೆಗ್ಗೋಡನ್ನು ಹೊಗಳಿ ಬೆಂಗಳೂರನ್ನು ತೆಗಳುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನ ಚಿತ್ರ ಸಮಾಜದವರ ನಡುವೆಯೂ ಕನ್ನಡ ಧಾರಾಳವಾಗಿ ಕೇಳುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು: ಕಾನೂನು ಮುಚ್ಚಿದ ಬಾಗಿಲನ್ನು ಭಾಷೆ ತೆರೆಯಬಲ್ಲದು. ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಜೆ.ಪಿ. ನಗರದ ಒಂದು ಮನೆಯ ಹಜಾರದಲ್ಲಿ ಕಲಿತದ್ದೇ ಹೆಚ್ಚು.

ಈಗ ಸಿನಿಮಾಕ್ಕೆ ಬರಗಾಲವಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿದ್ದ ಪುಟ್ಟಣ್ಣ ಚಿತ್ರಮಂದಿರ ಇಲ್ಲವಾಗಿದೆ, ಆದರೆ ಬರ್ಗ್‌ಮನ್, ಓಜು, ತಾರ್ಕೊವ್‌ಸ್ಕಿ ಎಲ್ಲರೂ ಬಿ.ಟಿ.ಎಂ. ಲೇಔಟಿನ ಪಿ.ಜಿ. ಕೋಣೆಯ ಮೊಬೈಲಿನಲ್ಲೇ ಸಿಗುತ್ತಾರೆ. ಬರಗಾಲ ಇರುವುದು ಜತೆಗೆ ಕೂತು ನೋಡುವವರಿಗೆ. ಹಾಗಾಗಿ ನಾವು ಏಳೆಂಟು ಮಂದಿ ತಿಂಗಳಿಗೆರಡು ಭಾನುವಾರ ಸೇರುತ್ತೇವೆ. ಒಬ್ಬರು ಪ್ರೌಢಶಾಲೆಯ ಮೇಡಂ, ಇಬ್ಬರು ಸಾಫ್ಟ್‌ವೇರ್ ಹುಡುಗರು, ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು, ಜತೆಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಒಬ್ಬ ಹಿರಿಯರು. ಚಿತ್ರ ಮುಗಿದ ಮೇಲೆ ಕಾಫಿ, ಆಮೇಲೆ ಮಾತು.

ಒಮ್ಮೆ ಕುರೊಸಾವಾನ ‘ಇಕಿರು’ (1952) ನೋಡಿದೆವು. ವಟನಾಬೆ ಎಂಬ ಮುನಿಸಿಪಾಲಿಟಿ ಅಧಿಕಾರಿ ಮೂವತ್ತು ವರ್ಷ ಕಾಗದಕ್ಕೆ ಮೊಹರು ಒತ್ತುತ್ತಲೇ ಬದುಕಿದವನು. ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಕೊಳಚೆ ನಿಂತ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕು ಮಾಡಿಸಿ ಸಾಯುತ್ತಾನೆ. ಚರ್ಚೆ ಎಂದಿನಂತೆ ನಮ್ಮಂಥವರಿಂದ ಶುರುವಾಯಿತು. ಅಸ್ತಿತ್ವವಾದ, ಸಾವಿನ ಪ್ರಜ್ಞೆ, ನಡುನಡುವೆ ಇಂಗ್ಲಿಷ್. ಹಿರಿಯರು ಸುಮ್ಮನಿದ್ದರು. ಆಗ ಮೇಡಂ ಕೇಳಿದರು: “ಅಲ್ಲ, ಈ ವಟನಾಬೆ ನಮ್ಮ ತಬರನ ಫೈಲ್ ಹಿಡಕೊಂಡು ಕೂತಿದ್ದವನೇ ಅಲ್ವಾ?”

ಹಜಾರದ ಗಾಳಿಯೇ ಬದಲಾಯಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಕಾಸರವಳ್ಳಿಯವರು ಮಾಡಿದ ‘ತಬರನ ಕಥೆ’ (1986) ಎಲ್ಲರೂ ನೋಡಿದ್ದೆವು. ಹೆಂಡತಿಯ ಕಾಲಿನ ಗಾಯಕ್ಕೆ ಚಿಕಿತ್ಸೆ ಮಾಡಿಸಲು ತಬರಶೆಟ್ಟಿಗೆ ತನ್ನ ಪಿಂಚಣಿ ಬೇಕು, ಕಡತ ಮಾತ್ರ ಕದಲುವುದಿಲ್ಲ. ‘ಇಕಿರು’ವಿನ ಆರಂಭದಲ್ಲೂ ಕೊಳಚೆಯ ದೂರು ಹಿಡಿದು ಬಂದ ಹೆಂಗಸರನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಅಟ್ಟುತ್ತ ಕೊನೆಗೆ ಮೊದಲ ಕಿಟಕಿಗೇ ತಂದು ನಿಲ್ಲಿಸುತ್ತಾರೆ. ಒಂದು ಚಿತ್ರ ಕೌಂಟರಿನ ಹೊರಗೆ ನಿಂತವನದು, ಇನ್ನೊಂದು ಒಳಗೆ ಕೂತವನದು. ಹಿರಿಯರು ಆಗ ಬಾಯಿಬಿಟ್ಟರು: “ಕಟ್ಟು ಎಲ್ಲಿದೆ ಅಂತ ಗುಮಾಸ್ತನಿಗೆ ಯಾವತ್ತೂ ಗೊತ್ತಿರುತ್ತಪ್ಪ. ‘ಸಾಹೇಬರ ಟೇಬಲ್ಲಿಗೆ ಹೋಗಿದೆ’ ಅನ್ನೋದು ನಾವು ಮೊದಲ ವಾರದಲ್ಲೇ ಕಲಿಯೋ ಪಾಠ. ಹಾಗಂದಾಗ ಎದುರಿಗಿರೋರ ಮುಖ ನೋಡಬಾರದು, ಅಷ್ಟೇ. ಈ ಡೈರೆಕ್ಟರಿಗೆ ಅದು ಗೊತ್ತು. ನೋಡಿ, ಆ ಆಫೀಸಲ್ಲಿ ಯಾರೂ ತಲೆ ಎತ್ತೋದೇ ಇಲ್ಲ.” ನಾವು ಆ ದೃಶ್ಯ ಮತ್ತೆ ಹಾಕಿ ನೋಡಿದೆವು. ಕಾಗದದ ರಾಶಿಗಳ ನಡುವೆ ತಗ್ಗಿದ ತಲೆಗಳನ್ನು ಕುರೊಸಾವಾ ಹೇಗೆ ಜೋಡಿಸಿದ್ದಾನೆಂದು ಅಷ್ಟು ಹೊತ್ತು ಮಾತಾಡಿದ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಅದನ್ನು ಕಾಣಿಸಿದ್ದು ಮೂವತ್ತು ವರ್ಷ ತಲೆ ತಗ್ಗಿಸಿ ಕೂತಿದ್ದ ಒಬ್ಬರ ಅನುಭವ. ಆ ಅನುಭವಕ್ಕೆ ಬಾಯಿ ಬಂದದ್ದು ಚರ್ಚೆ ಕನ್ನಡಕ್ಕೆ ಹೊರಳಿದ ಮೇಲೆ.

ಹಾಗೆಂದು ಚರ್ಚೆಯನ್ನು ಪವಾಡವೆಂದು ತಿಳಿಯಬೇಕಾಗಿಲ್ಲ. ಆ ಎಚ್ಚರಿಕೆಯನ್ನು ‘ಇಕಿರು’ವೇ ಕೊಡುತ್ತದೆ. ನಾಯಕ ಚಿತ್ರದ ಮೂರನೇ ಎರಡು ಭಾಗಕ್ಕೇ ಸಾಯುತ್ತಾನೆ. ಉಳಿದ ಭಾಗದಲ್ಲಿ ಅವನ ಸಹೋದ್ಯೋಗಿಗಳು ಶ್ರಾದ್ಧದೂಟಕ್ಕೆ ಕೂತಂತೆ ಕೂತು, ಅವನ ಬಗ್ಗೆ ಮಾತಾಡುತ್ತಾರೆ. ಪಾರ್ಕಿನ ಶ್ರೇಯ ಯಾರದು ಎಂದು ವಾದಿಸುತ್ತಾರೆ, ಕುಡಿದು ಅಳುತ್ತಾರೆ, ನಾಳೆಯಿಂದ ನಾವೂ ಅವನಂತೆ ದುಡಿಯೋಣವೆಂದು ಆಣೆ ಇಡುತ್ತಾರೆ. ಮರುದಿನ ಕಚೇರಿಯಲ್ಲಿ ದೂರು ತಂದವರನ್ನು ಮತ್ತದೇ ರೀತಿ ಬೇರೆ ವಿಭಾಗಕ್ಕೆ ಅಟ್ಟಲಾಗುತ್ತದೆ. ಒಬ್ಬ ಗುಮಾಸ್ತ ಮಾತ್ರ ತಡೆಯಲಾರದೆ ಎದ್ದು ನಿಲ್ಲುತ್ತಾನೆ, ಮತ್ತೆ ಕೂತು ಕಾಗದಗಳ ಹಿಂದೆ ಮರೆಯಾಗುತ್ತಾನೆ. ಸಿನಿಮಾ ನೋಡಿ ರಾತ್ರಿಯೆಲ್ಲ ಚರ್ಚಿಸುವವರ ಮೇಲೆ ಇದಕ್ಕಿಂತ ಕಠಿಣವಾದ ವಿಮರ್ಶೆ ನಾನು ಓದಿಲ್ಲ. ಚಿತ್ರ ಸಮಾಜದ ಚಳವಳಿ ಜಗತ್ತು ಬದಲಿಸಲಿಲ್ಲವೆಂದು ದೂರುವವರಿಗೂ, ಅದೊಂದು ಸುವರ್ಣಯುಗವಾಗಿತ್ತೆಂದು ಹಲುಬುವವರಿಗೂ ಆ ಎದ್ದು ಕೂತ ಗುಮಾಸ್ತನನ್ನು ತೋರಿಸಬೇಕೆನ್ನಿಸುತ್ತದೆ. ಮಾತಿನಿಂದ ಆದದ್ದು ಅಷ್ಟೇ: ಒಬ್ಬ ಎದ್ದು ನಿಂತ. ಆದರೆ ಮಾತೇ ಇಲ್ಲದಿದ್ದರೆ ಅವನೂ ಏಳುತ್ತಿರಲಿಲ್ಲ.

2024ರಲ್ಲಿ, ಫಿಲಂ ಹೆರಿಟೇಜ್ ಫೌಂಡೇಷನ್ ಪುನರುದ್ಧರಿಸಿದ ‘ಘಟಶ್ರಾದ್ಧ’ದ ಪ್ರತಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಒಂದು ಕಾಲಕ್ಕೆ ಇಟಲಿಯ ಚಿತ್ರಗಳು ಡಬ್ಬಿಗಳಲ್ಲಿ ಬೆಂಗಳೂರಿಗೆ ಬರುತ್ತಿದ್ದವು, ಈಗ ಮಲೆನಾಡಿನ ಅಗ್ರಹಾರದ ಹುಡುಗ ನಾಣಿಯ ಕಣ್ಣಲ್ಲಿ ಕಂಡ ಯಮುನಕ್ಕನ ಕಥೆ ಇಟಲಿಗೆ ಹೋಯಿತು. ಜಗತ್ತಿನ ಕ್ಲಾಸಿಕ್ ಸಿನಿಮಾ ಎಂಬ ಪಟ್ಟಿಯಲ್ಲಿ ನಾವು ನೋಡುಗರಷ್ಟೇ ಆಗಿ ಉಳಿದಿಲ್ಲ. ಅಲ್ಲಿ ಕೂತು ನೋಡಿದವರು ಅದರ ಬಗ್ಗೆ ತಮ್ಮ ಭಾಷೆಯಲ್ಲಿ ಮಾತಾಡಿಯೇ ಆಡುತ್ತಾರೆ. ನಮ್ಮ ಭಾಷೆಯಲ್ಲಿ ನಾವು ಆಡಿದ, ಆಡುತ್ತಿರುವ ಮಾತು ಮಾತ್ರ ಬರೆದಿಟ್ಟವರಿಲ್ಲದೆ ಕಾಫಿ ಲೋಟದ ಜತೆಗೇ ತೊಳೆದುಹೋಗುತ್ತಿದೆ. ಈಚೆಗೆ ನಮ್ಮ ಭಾನುವಾರಗಳಲ್ಲಿ ಒಬ್ಬರು 200 ಪುಟದ ನೋಟ್‌ಬುಕ್ಕೊಂದನ್ನು ತರುತ್ತಿದ್ದಾರೆ. ಮೊದಲ ಪುಟದ ಮೊದಲ ಸಾಲಿನಲ್ಲಿ, ‘ಇಕಿರು’ ಎಂದು ಬರೆದು, ಅದರ ಮುಂದೆ ಮೇಡಂ ಕೇಳಿದ ಪ್ರಶ್ನೆಯನ್ನು ಅವರು ಕೇಳಿದ ಹಾಗೆಯೇ ಬರೆದಿದ್ದಾರೆ.