ಎರಡು ವರ್ಷಗಳ ಕಾಲೇಜಿನಲ್ಲಿ ಪತ್ರಿಕಾ ಶಿಕ್ಷಣ

ಅಮೇರಿಕಾ ದೇಶದ ಇಲಿನಾಯ್ ಸಂಸ್ಥಾನದಲ್ಲಿ, ಷಿಕಾಗೋ ನಗರದ ನೈರುತ್ಯಕ್ಕೆ, ಜೋಲಿಯೆಟ್ ಎಂಬ ಊರಿದೆ. ಅಲ್ಲಿಯ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಬ್ರೌನರು, ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ಹಾರ್ಪರರೊಡನೆ ಸಮಾಲೋಚಿಸಿ, 1901ರಲ್ಲಿ ಪದವಿಯ ಮೊದಲೆರಡು ವರ್ಷಗಳ ಪಾಠವನ್ನು ತಮ್ಮ ಶಾಲೆಯಲ್ಲಿಯೇ ಆರಂಭಿಸಿದರು. ಸೇರಿದವರು ಆರೇ ಮಂದಿ. ಮನೆಯಲ್ಲಿದ್ದುಕೊಂಡು, ಅಲ್ಪ ಶುಲ್ಕ ತೆತ್ತು, ದುಡಿಯುತ್ತ ಓದುವವರಿಗಾಗಿ ಆ ದೇಶದುದ್ದಕ್ಕೂ ತಲೆಯೆತ್ತಿದ ಸಮುದಾಯ ಕಾಲೇಜುಗಳಿಗೆ ಇದೇ ಮೂಲವೆನ್ನಬೇಕು.

ಪತ್ರಿಕಾವೃತ್ತಿಯನ್ನು ಹಿಡಿಯಬಯಸಿದ ಅನೇಕರು ಈ ಬಾಗಿಲಿನಿಂದಲೇ ಒಳಹೊಕ್ಕಿದ್ದಾರೆ. ದೂರದರ್ಶನ ವಾರ್ತೆಗಳಿಂದ ಪ್ರಖ್ಯಾತರಾದ ಜಿಮ್ ಲೆಹರರು ಟೆಕ್ಸಾಸಿನ ವಿಕ್ಟೋರಿಯಾ ಎಂಬ ಎರಡು ವರ್ಷಗಳ ಕಾಲೇಜಿನಲ್ಲಿ ಓದುತ್ತಿದ್ದಾಗ, ಊರಿನ ಬಸ್ಸು ನಿಲ್ದಾಣದಲ್ಲಿ ಟಿಕೇಟು ಕೊಟ್ಟು, ಬಸ್ಸು ಹೊರಡುವ ವೇಳೆಯನ್ನು ಕೂಗಿ ಹೇಳುತ್ತಿದ್ದರು. ಮಿಸೌರಿಯ ಪತ್ರಿಕೋದ್ಯಮ ಪದವಿ ದೊರೆತದ್ದು ಆ ಬಳಿಕ, 1956ರಲ್ಲಿ.

ಇಂತಹ ಕಾಲೇಜಿನಲ್ಲಿ ನಿಜವಾದ ಪಾಠಶಾಲೆ ವಿದ್ಯಾರ್ಥಿಗಳ ಪತ್ರಿಕೆಯೇ ಎಂಬುದು ನಮ್ಮ ಅಭಿಪ್ರಾಯ. ವರದಿ, ಸಂಪಾದನೆ, ಪುಟವಿನ್ಯಾಸ ಎಲ್ಲವನ್ನೂ ಅಲ್ಲಿ ಕೈಯಾರೆ ಮಾಡಿ ಕಲಿಯುತ್ತಾರೆ. ಆದರೆ ಅನ್ನವಿಕ್ಕುವ ಸಂಸ್ಥೆಯ ಲೋಪವನ್ನೇ ಬರೆಯಬೇಕಾಗಿ ಬಂದಾಗ ಏನು ಗತಿ?

ಜೋಲಿಯೆಟ್ಟಿಗೆ ಅನತಿದೂರದಲ್ಲಿರುವ ಗವರ್ನರ್ಸ್ ಸ್ಟೇಟ್ ವಿಶ್ವವಿದ್ಯಾನಿಲಯವು, ಸಮುದಾಯ ಕಾಲೇಜು ಮುಗಿಸಿ ಬಂದವರಿಗೆ ಪದವಿಯ ಕೊನೆಯೆರಡು ವರ್ಷಗಳನ್ನು ಕಲಿಸಲೆಂದು 1969ರಲ್ಲಿ ಸ್ಥಾಪನೆಯಾದದ್ದು. ಅಲ್ಲಿಯ ವಿದ್ಯಾರ್ಥಿ ಪತ್ರಿಕೆ 'ಇನ್ನೋವೇಟರ್' 2000ನೇ ಇಸವಿಯಲ್ಲಿ ಆಡಳಿತವನ್ನು ಟೀಕಿಸಿತು. ಡೀನರು ಮುದ್ರಣಾಲಯಕ್ಕೆ ದೂರವಾಣಿಯಲ್ಲಿ ಮಾತನಾಡಿ, ಅಧಿಕಾರಿಗಳು ನೋಡಿ ಒಪ್ಪದೆ ಇನ್ನು ಅಚ್ಚುಮಾಡಕೂಡದೆಂದರು. ಪತ್ರಿಕೆ ನಿಂತಿತು. (ಅಚ್ಚುಮನೆಯ ಬಾಗಿಲಲ್ಲಿ ಕರಡಚ್ಚಿಗಾಗಿ ಕಾದವರಿಗೆ ಈ ಒಂದು ಕರೆಯ ಭಾರ ತಿಳಿದೀತು.) ಸಂಪಾದಕಿ ಮಾರ್ಗರೆಟ್ ಹೋಸ್ಟಿ ಮತ್ತು ಸಂಗಡಿಗರು ನ್ಯಾಯಾಲಯದ ಮೆಟ್ಟಿಲೇರಿದರು. 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರೌಢಶಾಲೆಯ ಪತ್ರಿಕೆಯೊಂದರ ವಿಷಯದಲ್ಲಿ ಶಾಲೆಯವರಿಗೆ ಕತ್ತರಿ ಹಿಡಿಯುವ ಅಧಿಕಾರವಿತ್ತಿತ್ತು. ಅದೇ ತರ್ಕವನ್ನು ಕಾಲೇಜಿಗೂ ಅನ್ವಯಿಸಬಹುದೆಂದ ಮೇಲ್ಮನವಿ ನ್ಯಾಯಾಲಯವು 2005ರಲ್ಲಿ ಡೀನರನ್ನು ಹೊಣೆಯಿಂದ ಮುಕ್ತಗೊಳಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲಿಲ್ಲ.

ವಿದ್ಯಾರ್ಥಿಗಳು ಸೋತರು, ಅವರ ಪತ್ರಿಕೆ ಅಷ್ಟು ಹೊತ್ತಿಗೆ ಕೈತಪ್ಪಿ ಹೋಗಿತ್ತು. ಆದರೆ ಮರುವರ್ಷವೇ, 2007ರಲ್ಲಿ, ಇಲಿನಾಯ್ ಶಾಸನಸಭೆಯು ಸರಕಾರಿ ಕಾಲೇಜುಗಳ ವಿದ್ಯಾರ್ಥಿ ಪತ್ರಿಕೆಗಳನ್ನು ಮುದ್ರಣಕ್ಕೆ ಮೊದಲೇ ಪರಿಶೀಲಿಸುವುದನ್ನು ನಿಷೇಧಿಸಿತು. ಸಮುದಾಯ ಕಾಲೇಜುಗಳೂ ಇದರೊಳಗೆ ಸೇರಿದವು. ಈ ಶಾಸನದ ಒಂದು ಅಂಶ ನಮಗೆ ವಿಶೇಷವಾಗಿ ಹಿಡಿಸಿದೆ. ಎರಡು ವರ್ಷಗಳ ಕಾಲೇಜಿನಲ್ಲಿ ಸಂಪಾದಕರು ಕೆಲಸ ಕಲಿಯುವಷ್ಟರಲ್ಲೇ ಹೊರಟುಹೋಗುತ್ತಾರೆ. ವರ್ಷದಿಂದ ವರ್ಷಕ್ಕೆ ಉಳಿಯುವವರು ಮಾರ್ಗದರ್ಶಕ ಅಧ್ಯಾಪಕರೊಬ್ಬರೇ. ವಿದ್ಯಾರ್ಥಿಯ ನ್ಯಾಯವಾದ ಬರಹವನ್ನು ಅದುಮಲು ಒಪ್ಪದ ಕಾರಣಕ್ಕಾಗಿ ಆ ಅಧ್ಯಾಪಕರನ್ನು ಕೆಲಸದಿಂದ ತೆಗೆಯುವಂತಿಲ್ಲ, ವರ್ಗಾಯಿಸುವಂತೆಯೂ ಇಲ್ಲ.